ಕಂಡಕ್ಟರಣ್ಣನ ತರಕಾರಿ ಪಾಸು

ಕಂಡಕ್ಟರಣ್ಣ ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಅವರ ತಿಥಿಯೂ ಮುಗಿದ ಮೇಲೆ. ಕೊಳ್ಳೇಗಾಲದಿಂದ ಅವರ ಮಗಳು ಫೋನ್ ಮಾಡಿದ್ದಳು. "ಮೇಷ್ಟ್ರವ್ವನ್ಗ ಯೋಳ್ಬುಡು, ಯೋಳ್ಬುಡು ಅಂತ ಅವ್ವ ಒಂದೇ ಸಮ ಅಂತಿತ್ತು. ನಂಗೇ ಆಗ್ನಿಲ್ಲ" ಅಂದಳು. ಮೇಷ್ಟ್ರವ್ವ ಅಂದರೆ ನಾನೇ. ಸಾವಿನ ಸುದ್ದಿ ಕೇಳಿದಾಗ ಆಡಬೇಕಾದ ಮಾತುಗಳು ಎಂದೂ ಹೊತ್ತಿಗೆ ಸರಿಯಾಗಿ ನನ್ನ ಬಾಯಿಗೆ ಬಂದವಲ್ಲ. "ನಿನ್ನ ಕಿವಿ ಹೇಗಿದೆಯಮ್ಮ?" ಅಂತ ಕೇಳಿಬಿಟ್ಟೆ. ಅವಳು ಅಳುತ್ತಲೇ ನಕ್ಕಳು. "ಸೋರ್ತಾನೇ ಅದ ಕಣಕ್ಕ."

ಆ ಕಿವಿಯ ವಿಷಯಕ್ಕೆ ಮುಂದೆ ಬರುತ್ತೇನೆ. ಮೊದಲು ಅವಳ ಅಪ್ಪನ ಬಗ್ಗೆ ಹೇಳಬೇಕು.

ಅವರಿಗೊಂದು ಹೆಸರಿತ್ತು. ಆದರೆ ಅದನ್ನು ಬರೆದರೆ ತಾಳವಾಡಿಯಲ್ಲಿ ಅವರನ್ನು ಬಲ್ಲವರಿಗೂ ಯಾರೆಂದು ಗೊತ್ತಾಗುವುದಿಲ್ಲ. ಎಲ್ಲರಿಗೂ ಅವರು ಕಂಡಕ್ಟರಣ್ಣ. ಸತ್ಯಮಂಗಲದಿಂದ ದಿಂಬಂ ಘಾಟಿ ಹತ್ತಿ, ಹಾಸನೂರಿನ ಮೇಲೆ ಬೆಟ್ಟದ ಊರುಗಳಿಗೆ ಬರುವ ಸರ್ಕಾರಿ ಬಸ್ಸಿನಲ್ಲಿ ಚರ್ಮದ ಚೀಲ ನೇತುಹಾಕಿಕೊಂಡು ನಿಂತು ನಿಂತೇ ಅವರ ವಯಸ್ಸು ಕಳೆದಿತ್ತು. ನಿವೃತ್ತರಾದ ಮೇಲೂ ಅವರಿಗೆ ಕೂರಲು ಬರುತ್ತಿರಲಿಲ್ಲ. ನಮ್ಮ ಮನೆಗೆ ಬಂದರೆ ಬಾಗಿಲ ಚೌಕಟ್ಟಿಗೆ ಸೊಂಟ ಕೊಟ್ಟು, ಕಾಲು ಅಗಲಿಸಿ, ಒಂದು ಕೈಯಿಂದ ಮೇಲಿನ ಪಟ್ಟಿ ಹಿಡಿದು ನಿಲ್ಲುತ್ತಿದ್ದರು. ನಮ್ಮ ಹಜಾರ ಯಾವ ಗಳಿಗೆಯಲ್ಲಾದರೂ ಒಂದು ತಿರುವು ತೆಗೆದುಕೊಂಡೀತು ಅನ್ನುವ ಹಾಗೆ. ಕಾಫಿಯನ್ನೂ ಹಾಗೇ ನಿಂತು, ಒಂದು ಹನಿ ಚೆಲ್ಲದೆ ಕುಡಿಯುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ತಾಳವಾಡಿ ತಮಿಳುನಾಡಿಗೆ ಸೇರಿದ್ದು, ಜನ ಆಡುವುದು ಕನ್ನಡ. ಅಲ್ಲಿಯ ಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತಿದ್ದೆ. ನನ್ನ ಗಂಡ ಅಲ್ಲೇ ಬ್ಯಾಂಕಿನಲ್ಲಿದ್ದರು. ನಮ್ಮ ಬೀದಿಯಲ್ಲಿ ಹೆಚ್ಚಿನವು ಬಾಡಿಗೆ ಮನೆಗಳು, ಇದ್ದವರೆಲ್ಲ ನಮ್ಮಂಥ ಸಂಬಳದವರು. ಆ ಊರಿನ ತರಕಾರಿಯ ಕಥೆಯೇ ಒಂದು ತಮಾಷೆ. ಸುತ್ತಲ ಹೊಲಗಳಲ್ಲಿ ಬೆಳೆದ ಎಲೆಕೋಸು, ಬೀಟ್ರೂಟು, ಹುರುಳಿಕಾಯಿಯೆಲ್ಲ ಮೂಟೆಯಾಗಿ ಘಾಟಿ ಇಳಿದು ಕೆಳಗಿನ ಮಾರ್ಕೆಟ್ಟಿಗೆ ಹೋಗುತ್ತಿತ್ತು. ಅಲ್ಲಿ ಎರಡು ದಿನ ಬಾಡಿ, ಮತ್ತೆ ಬಸ್ಸಿನ ಮೇಲೆ ಹತ್ತಿ ನಮ್ಮ ಅಂಗಡಿಗಳಿಗೆ ವಾಪಸು ಬರುತ್ತಿತ್ತು. "ಇಳ್ಸ್ದೋನೂ ನಾನೆ, ಅತ್ತುಸ್ದೋನೂ ನಾನೆ. ಅದೇ ಮೂಟ, ಅದೇ ಕಾಯಿ. ಮುಖ ಮಾತ್ರ ಸುಕ್ಕಾಗಿರದು" ಅನ್ನುತ್ತಿದ್ದರು ಕಂಡಕ್ಟರಣ್ಣ.

ಅವರಿಗೆ ಹತ್ತಿರದ ಕಾಡಂಚಿನ ಹಳ್ಳಿ ತಿಗನಾರೆಯಲ್ಲಿ ಅಪ್ಪನ ಕಾಲದ ಹೊಲವಿತ್ತು, ಒಂದು ಬಾವಿಯಿತ್ತು. ಹೆಂಡತಿಯೊಡನೆ ಅಲ್ಲೇ ಹೊಲದ ಮನೆಯಲ್ಲಿ ಇದ್ದರು. ನಿವೃತ್ತರಾದ ವರ್ಷ, ಮುಂಗಾರಿಗೆ ಮೊದಲು, ಒಂದು ಬೆಳಿಗ್ಗೆ ನಮ್ಮ ಬೀದಿಯ ಮನೆ ಮನೆಗೂ ಬಂದರು.

"ಮೇಷ್ಟ್ರವ್ವ, ತರಕಾರಿಗ ಪಾಸು ತಗಳಿ" ಅಂದರು.

"ಪಾಸೆ?"

"ಬಸ್ಸಿಗ ತಗಳ್ದಿಲ್ವಾ, ಅಂಗೇ. ಈಗ್ಲೇ ಕೊಟ್ಬುಟ್ರ, ದೀಪಾವಳಿ ಗಂಟ ಶನಿವಾರ ಶನಿವಾರ ನಿಮ್ಮ ಬಾಗ್ಲಿಗ ಬುಟ್ಟಿ ಬತ್ತದ. ಬೆಳಿಗ್ಗ ಕುಯ್ದದ್ದು ಬೆಳಿಗ್ಗನೇ. ಒಲದಲ್ಲಿ ಏನದ ಅದು. ಇಂತದ್ದೇ ಬೇಕು ಅನ್ನಂಗಿಲ್ಲ, ಇದು ಬ್ಯಾಡ ಅನ್ನಂಗಿಲ್ಲ."

ಬ್ಯಾಂಕಿನವರಿಗೆ ಇಂಥ ಮಾತು ಕೇಳಿದ ಕೂಡಲೇ ಹುಬ್ಬು ಮೇಲೆ ಹೋಗುತ್ತದೆ. "ಹೊಲದಲ್ಲಿ ಏನೂ ಇಲ್ಲದ ವಾರ?" ಅಂತ ನನ್ನ ಗಂಡ ಕೇಳಿದರು. "ಹಂದಿ ತಿಂದು ಹಾಕಿದರೆ? ಆನೆ ಬಂದರೆ?"

ಕಂಡಕ್ಟರಣ್ಣನಿಗೆ ಈ ಪ್ರಶ್ನೆ ಬಹಳ ಇಷ್ಟವಾದ ಹಾಗೆ ಕಂಡಿತು. ಚೌಕಟ್ಟಿನಿಂದ ಸೊಂಟ ತೆಗೆದು ನೆಟ್ಟಗೆ ನಿಂತರು. "ಸಾರ್, ಪಾಸ್ ತಗಂಡೋರು ಬಸ್ಸು ಕೆಟ್ಟು ನಿಂತ್ರ ಏನ್ ಮಾಡ್ತರ? ಕಂಡಕ್ಟ್ರ ಕಾಲರ್ ಇಡಿತರಾ? ಇಳ್ದು ತಳ್ತರ. ಅಷ್ಟೆ."

ನಾವೆಲ್ಲ ಪಾಸು ತೆಗೆದುಕೊಂಡೆವು. ಅಂದರೆ, ಬುಟ್ಟಿ ತುಂಬಿದರೆ ನಮಗೂ ಪಾಲು, ಬುಟ್ಟಿ ಖಾಲಿಯಾದರೆ ಅದರಲ್ಲೂ ಪಾಲು ಅನ್ನುವುದಕ್ಕೆ ಒಪ್ಪಿಕೊಂಡೆವು. ಆಗ ಇಷ್ಟೆಲ್ಲ ಯೋಚಿಸಿರಲಿಲ್ಲ, ತಾಜಾ ತರಕಾರಿ ಸಿಗುತ್ತದೆ ಅನ್ನುವುದಷ್ಟೇ ತಲೆಯಲ್ಲಿತ್ತು.

ಶನಿವಾರ ಬೆಳಿಗ್ಗೆ ಬೀದಿಯ ತುದಿಯಲ್ಲಿ ಒಂದು ಸೀಟಿ ಕೇಳಿಸುತ್ತಿತ್ತು. ಬಸ್ಸಿನಲ್ಲಿ ಒಂದು ಸೀಟಿ ಊದಿದರೆ ನಿಲ್ಲು, ಎರಡು ಊದಿದರೆ ಹೊರಡು. ನಿವೃತ್ತಿಯಾದರೂ ಆ ಸೀಟಿ ಕಪ್ಪು ದಾರದಲ್ಲಿ ಅವರ ಕೊರಳಲ್ಲೇ ಇತ್ತು. ತಿಗನಾರೆಯಿಂದ ಬರುವ ಆಟೋದ ಹಿಂದೆ ಬುಟ್ಟಿಗಳನ್ನು ಒಂದರ ಪಕ್ಕ ಒಂದು ಜೋಡಿಸಿ ತಂದು, ಒಂದು ಸೀಟಿ ಊದಿ, "ಎಂಗಸ್ರು ಮೊದ್ಲು, ಎಂಗಸ್ರು ಮೊದ್ಲು!" ಅಂತ ಕೂಗುತ್ತಿದ್ದರು. ಗಂಡಸರು ಯಾರಾದರೂ ಮುಂದೆ ಬಂದರೆ ತಮಿಳಿನಲ್ಲಿ "ಉಳ್ಳೆ ಪೋ, ಉಳ್ಳೆ ಪೋ" ಅಂತ ಒಳಗೆ ತಳ್ಳುತ್ತಿದ್ದರು. ಟಿಕೆಟ್ ಹರಿದು ಅಭ್ಯಾಸವಾದ ಕೈ, ಸೊಪ್ಪಿನ ಕಟ್ಟು ಬಿಡಿಸುವಾಗಲೂ ಹೆಬ್ಬೆರಳು ನಾಲಿಗೆಗೆ ಹೋಗುತ್ತಿತ್ತು. ನಾನು ಮುಖ ಸಿಂಡರಿಸಿದರೆ, "ತೊಳ್ಕಂಡೇ ಅಲ್ವಾ ಮೇಷ್ಟ್ರವ್ವ ಬೇಯ್ಸದು" ಅನ್ನುತ್ತಿದ್ದರು. ಕೊನೆಗೆ ಪ್ರತಿ ಬುಟ್ಟಿಗೂ ಒಂದು ಹಿಡಿ ಕೊತ್ತಂಬರಿ ಹಾಕಿ "ಚಿಲ್ಲರ ಸರಿಹೋಯ್ತು" ಅಂತ ಹೇಳಿ ಎರಡು ಸೀಟಿ ಊದಿ ಹೊರಡುತ್ತಿದ್ದರು.

ಎರಡನೆಯದೋ ಮೂರನೆಯದೋ ವಾರ ಬುಟ್ಟಿ ತುಂಬ ಹಾಗಲಕಾಯಿ. ನನಗೆ ಹಾಗಲಕಾಯಿ ಕಂಡರೆ ಆಗದು. ತೆಗೆದು ಅವರ ಆಟೋದಲ್ಲಿಟ್ಟೆ. ಅವರು ಅದನ್ನು ತೆಗೆದು ಮತ್ತೆ ನನ್ನ ಬುಟ್ಟಿಗೇ ಹಾಕಿದರು. ನಾನು ಮತ್ತೆ ಇಟ್ಟೆ. ಬೀದಿಯವರೆಲ್ಲ ನೋಡುತ್ತಿದ್ದಾರೆ, ಇಬ್ಬರೂ ಸೋಲಲೊಲ್ಲೆವು. ಕೊನೆಗೆ ಅವರು ಗಂಭೀರವಾಗಿ, "ನಿಮ್ಗ ತಾಳಮಲೆ ಸ್ಟಾಪಲ್ಲಿ ಕೆಲ್ಸ ಇಲ್ಲ ಅಂತ ಬಸ್ಸು ಅಲ್ಲಿ ನಿಲ್ದೇ ಓಗಕ್ಕಾಯ್ತದಾ?" ಅಂದರು. ಆ ವಾರ ನಮ್ಮ ಮನೆಯಲ್ಲಿ ಹಾಗಲಕಾಯಿ ಗೊಜ್ಜು ಮಾಡಿದೆ. ನನ್ನ ಗಂಡ ಚಪ್ಪರಿಸಿಕೊಂಡು ತಿಂದರು, ಅದೊಂದು ಹೊಟ್ಟೆಯುರಿ ಬೇರೆ.

ಈ ಬುಟ್ಟಿಯ ಹಿಂದೆ ಒಂದು ಕರಾರು ಇತ್ತು ಅನ್ನುವುದು ನನಗೆ ಗೊತ್ತಾದದ್ದು ಅವರ ಹೊಲಕ್ಕೆ ಮೊದಲ ಸಲ ಹೋದಾಗ. ಅವರ ಹೆಂಡತಿ ತೆಳ್ಳಗೆ, ಬೆಳ್ಳಗೆ, ಮಾತು ಕಡಿಮೆಯ ಹೆಂಗಸು. ನಾವು ಕೂತಿದ್ದಾಗ ಹಗಲು ಹೊತ್ತಿನಲ್ಲೇ ಅವರ ಕಣ್ಣು ಪದೇ ಪದೇ ಕಾಡಿನ ಕಡೆಗೆ ಹೋಗುತ್ತಿತ್ತು. ಕಂಡಕ್ಟರಣ್ಣ ರಾತ್ರಿ ಹುಣಸೆಮರದ ಮೇಲೆ ಕಟ್ಟಿದ ಅಟ್ಟಣೆಯಲ್ಲಿ ಬೆಳೆ ಕಾಯುತ್ತಿದ್ದರು. ಆಕೆ ಮನೆಯೊಳಗೆ ಒಬ್ಬರೇ. ಅವರಿಗೆ ಆ ಮನೆಯಲ್ಲಿ ಇರುವುದು ಬೇಡವಾಗಿತ್ತು. ಮಗಳು ಕೊಳ್ಳೇಗಾಲದಲ್ಲಿದ್ದಳು, ಬನ್ನಿ ಬನ್ನಿ ಅಂತ ಕರೆಯುತ್ತಲೇ ಇದ್ದಳು.

"ಇವ್ರ್ಗ ಒಲ ಬುಡಕ್ಕ ಮನಸಿಲ್ಲ" ಅಂದರು ಆಕೆ ಮಜ್ಜಿಗೆ ಕೊಡುತ್ತಾ. "ಅದ್ಕ ಯೋಳಿವ್ನಿ. ಶನಿವಾರ ಬುಟ್ಟಿ ಒಂಟ್ರ ನಾನೂ ಇರ್ತೀನಿ. ಒಂದು ಶನಿವಾರ ಬುಟ್ಟಿ ನಿಂತ್ರ, ಇಬ್ರೂ ಮಗಳ ಮನಗ. ಒಪ್ಕಂಡವ್ರ."

ಕಂಡಕ್ಟರಣ್ಣ ನಕ್ಕು ಬೇರೆ ಕಡೆ ನೋಡಿದರು. ಬಸ್ಸಿನಲ್ಲಿ ಅಷ್ಟು ವರ್ಷ ನಿಂತು ಬಂದವರಿಗೆ, ನಿಂತ ನೆಲ ಅಲುಗಾಡದ ಜಾಗ ಅಂತ ಸಿಕ್ಕಿದ್ದು ಅದೊಂದೇ. ಬುಟ್ಟಿ ತಪ್ಪಿದರೆ ಅದೂ ಹೋಗುತ್ತಿತ್ತು. ಆಮೇಲೆ ಶನಿವಾರದ ಸೀಟಿ ಕೇಳಿದಾಗಲೆಲ್ಲ ನನಗೆ ಆ ಮಾತು ನೆನಪಾಗುತ್ತಿತ್ತು.

ಅವರು ಆನೆಗೆ ಆನೆ ಅನ್ನುತ್ತಿರಲಿಲ್ಲ. ಹೊಲದಲ್ಲಿ ನಿಂತು ಆ ಹೆಸರು ಎತ್ತಿದರೆ ಕರೆದ ಹಾಗಾಗುತ್ತದೆ ಅಂತ ಆ ಕಡೆಯವರ ನಂಬಿಕೆ. 'ದೊಡ್ಡೋರು' ಅನ್ನುತ್ತಿದ್ದರು. ಹಂದಿಗಳಿಗೆ ಈ ಮರ್ಯಾದೆ ಇರಲಿಲ್ಲ. ಅವು ಟಿಕೆಟ್ ಇಲ್ಲದೆ ಹತ್ತುವ ಕಳ್ಳರು, ಸೀಟಿ ಊದಿ ಕಲ್ಲು ಬೀರಿದರೆ ಇಳಿದು ಓಡುತ್ತವೆ. "ದೊಡ್ಡೋರ್ದು ಅಂಗಲ್ಲ ಕಣ್ರವ್ವ. ಅವ್ರ್ದು ಫ್ರೀ ಪಾಸು. ಇಳೀರಿ ಅನ್ನಕ್ಕ ನಾವ್ಯಾರು?"

ಹೊಲದ ಬೇಲಿಯ ಪಕ್ಕ ಒಂದು ಹಲಸಿನ ಮರವಿತ್ತು. ತಿಗನಾರೆಯಲ್ಲಿ ಯಾರೂ ಹಲಸನ್ನು ಹಣ್ಣಾಗಲು ಬಿಡುವುದಿಲ್ಲ. ಹಣ್ಣಿನ ವಾಸನೆ ಎಷ್ಟೋ ದೂರ ಹೋಗುತ್ತದೆ, ಆ ವಾಸನೆ ಹಿಡಿದು ದೊಡ್ಡೋರು ಬರುತ್ತಾರೆ. ಬಂದವರು ಹಲಸು ತಿಂದು ಹೋಗುವುದಿಲ್ಲ, ಹೊಲವನ್ನೇ ಮುಗಿಸಿ ಹೋಗುತ್ತಾರೆ. ಹಾಗಾಗಿ ಕಾಯಿ ಎಳೆಯದಾಗಿರುವಾಗಲೇ ಮರವನ್ನು ಬೋಳು ಮಾಡಿಬಿಡುವುದು ಅಲ್ಲಿಯ ಪದ್ಧತಿ. ಬೇಸಿಗೆಯ ಕೊನೆಯಲ್ಲಿ ನಮ್ಮ ಬುಟ್ಟಿಗಳಲ್ಲಿ ಎಳೆ ಹಲಸು ಬರುತ್ತಿದ್ದುದು ಇದರಿಂದ. ಪಲ್ಯ ಮಾಡುತ್ತಿದ್ದೆವು, ಸಾರು ಮಾಡುತ್ತಿದ್ದೆವು, ಚೆನ್ನಾಗಿರುತ್ತಿತ್ತು.

ಪಾಸು ಶುರುವಾದ ಮೂರನೆಯ ವರ್ಷ ನಮ್ಮ ಪಕ್ಕದ ಮನೆಗೆ ಹೊಸ ತಮಿಳು ಟೀಚರು ಬಂದಿದ್ದಳು. ಪಣ್ರುಟ್ಟಿ ಕಡೆಯವಳು, ಅಂದರೆ ಹಲಸಿನ ಸೀಮೆಯವಳು. ಗಂಡನಿಗೆ ದೂರದಲ್ಲಿ ಕೆಲಸ. ಬಸುರಿ. ಅವಳೂ ಪಾಸು ತೆಗೆದುಕೊಂಡಿದ್ದಳು. ಎಳೆ ಹಲಸು ಬಂದ ಶನಿವಾರ ಬುಟ್ಟಿಯೊಳಗೆ ನೋಡಿ ಕೆನ್ನೆಗೆ ಕೈ ಹಚ್ಚಿದಳು. "ಅಯ್ಯೋ ಅಣ್ಣಾ, ನಮ್ಮೂರಿನಲ್ಲಿ ಇದನ್ನು ಹೀಗೆ ಮೊಗ್ಗಿನಲ್ಲೇ ಮುರಿಯುವುದಿಲ್ಲ" ಅಂತ ತಮಿಳಿನಲ್ಲಿ ಹೇಳಿ ನಕ್ಕಳು. ಆಮೇಲೆ, ನಗುತ್ತಲೇ, ಈಚೆಗೆ ಪಲಾಪ್ಪಳದ, ಅಂದರೆ ಹಲಸಿನ ಹಣ್ಣಿನ, ಕನಸು ಬೀಳುತ್ತದೆ, ಎದ್ದರೆ ಬಾಯಲ್ಲಿ ನೀರು ಬಂದಿರುತ್ತದೆ ಅಂದಳು. ಅವಳು ಕೇಳಿದ್ದಲ್ಲ. ಸುಮ್ಮನೆ ಹೇಳಿದ್ದು.

ಕಂಡಕ್ಟರಣ್ಣನ ಕೈ ಕೊತ್ತಂಬರಿ ಕಟ್ಟಿನ ಮೇಲೆ ನಿಂತುಬಿಟ್ಟಿತು. ಆ ವಾರ ಅವರು ಎರಡು ಸೀಟಿ ಊದಲು ಮರೆತು ಹೊರಟರು.

ಈಗ ಕಿವಿಯ ವಿಷಯ. ಬಸುರಿಯ ಬಯಕೆ ಕಿವಿಗೆ ಬಿದ್ದ ಮೇಲೆ ತೀರಿಸದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಅಂತ ನಮ್ಮ ಕಡೆ ಹೇಳುತ್ತಾರೆ. ನಾನು ಇದನ್ನು ನಂಬುವವಳಲ್ಲ. ಕಂಡಕ್ಟರಣ್ಣ ನಂಬುತ್ತಿದ್ದರು, ಅವರಿಗೆ ಅದಕ್ಕೆ ಕಾರಣವೂ ಇತ್ತು. ಅವರ ಹೆಂಡತಿ ಬಸುರಿಯಾಗಿದ್ದಾಗ ತಾಟಿನುಂಗು, ಅಂದರೆ ತಾಳೆಯ ಎಳೆಗಾಯಿಯ ತಿರುಳು, ತಿನ್ನುವ ಆಸೆ ಹೇಳಿದ್ದರಂತೆ. ಬೆಟ್ಟದ ಮೇಲೆ ತಾಟಿಮರವಿಲ್ಲ. ಕೆಳಗೆ ಸತ್ಯಮಂಗಲದ ಬಸ್ ಸ್ಟ್ಯಾಂಡಿನಲ್ಲಿ ರಾಶಿ ಹಾಕಿ ಮಾರುತ್ತಿದ್ದರು. ಇವರು ದಿನಾ ಅದರ ಪಕ್ಕದಲ್ಲೇ ಇಳಿದು, ದಿನಾ ಮರೆತು, ಜನ ತುಂಬಿದ ಬಸ್ಸಿನೊಡನೆ ಮೇಲೆ ಬಂದುಬಿಡುತ್ತಿದ್ದರು. ನೆನಪಾಗುವುದು ಘಾಟಿಯ ನಡುವೆ. ಅಲ್ಲಿ ಬಸ್ಸು ತಿರುಗಿಸಲು ಬರುವುದಿಲ್ಲ. ನುಂಗಿನ ಕಾಲ ಮುಗಿಯಿತು, ಮಗಳು ಹುಟ್ಟಿದಳು, ಅವಳ ಎಡಗಿವಿ ಸೋರಲು ಶುರುವಾಯಿತು. ಯಾವ ಡಾಕ್ಟರಿಂದಲೂ ಪೂರ್ತಿ ಗುಣವಾಗಲಿಲ್ಲ. "ನಾನು ಸೋರ್ಸ್ದ ಕಿವಿ ಕಣ್ರವ್ವ ಅದು" ಅಂತ ಒಮ್ಮೆ ನನ್ನೆದುರು ಹೇಳಿದ್ದರು. ನಗುತ್ತಾರೇನೋ ಅಂತ ಮುಖ ನೋಡಿದೆ. ನಗಲಿಲ್ಲ.

ಸಂತೆಯಲ್ಲಿ ಹಲಸಿನ ಹಣ್ಣು ಸಿಗುತ್ತಿರಲಿಲ್ಲವೆ ಅಂತ ನೀವು ಕೇಳಬಹುದು. ಸಿಗುತ್ತಿತ್ತು. ನಾನೇ ನನ್ನ ಗಂಡನ ಕೈಲಿ ತರಿಸಿ ತಮಿಳು ಟೀಚರಿಗೆ ಕೊಟ್ಟೆ. ಅವಳು ತಿಂದಳು, ತೇಗಿದಳು, ಅಲ್ಲಿಗೆ ಅವಳ ಕನಸೂ ಮುಗಿದಿರಬೇಕು. ಕಂಡಕ್ಟರಣ್ಣನಿಗೂ ಹೇಳಿದೆ. "ಅದು ನೀವು ಕೊಟ್ಟದ್ದು. ಆವಮ್ಮ ಯೋಳಿದ್ದು ನನ್ನತ್ರ. ಪಾಸು ನನ್ನದು. ನನ್ನ ಪ್ಯಾಸೆಂಜರ್ನ ಬ್ಯಾರ ಬಸ್ಸು ಅತ್ತುಸ್ಬುಟ್ಟು ನಾನು ಕೈ ತೊಳ್ಕಳಕ್ಕಾಯ್ತದಾ?" ಅಂದರು. ಏನೋ ಹಟ ಅಂದುಕೊಂಡು ನಾನು ಸುಮ್ಮನಾದೆ. ಆ ಮನುಷ್ಯನ ತಲೆಯಲ್ಲಿ ಏನು ನಡೆಯುತ್ತಿದೆ ಅನ್ನುವುದು ನಮ್ಮಲ್ಲಿ ಯಾರಿಗೂ ತಿಳಿಯಲಿಲ್ಲ.

ಆ ವರ್ಷ ಮರದಲ್ಲಿ ಇನ್ನೂ ಉಳಿದಿದ್ದ ಕಾಯಿ ಕುಯ್ದು ಬೋಳು ಮಾಡುವಾಗ ಅವರು ಒಂದೇ ಒಂದು ಕಾಯಿಯನ್ನು, ಬುಡದ ಹತ್ತಿರ ಬಿಟ್ಟಿದ್ದನ್ನು, ಉಳಿಸಿದರು. ಹೆಂಡತಿಗೂ ಹೇಳಲಿಲ್ಲ. ಅದಕ್ಕೆ ಗೋಣಿ ಸುತ್ತಿ, ಗೋಣಿಯ ಮೇಲೆ ಸಗಣಿ ಮೆತ್ತಿ, ಮೇಲೆ ಬೇವಿನ ಸೊಪ್ಪು ಕಟ್ಟಿ, ವಾಸನೆಯನ್ನು ಒಳಗೇ ಕೂಡಿಹಾಕಿದೆ ಅಂದುಕೊಂಡರು. ಬಲಿತದ್ದೇ ಕುಯ್ದು ತಂದು ಟೀಚರ ಮನೆಯಲ್ಲಿ ಹುಲ್ಲಿನಲ್ಲಿಟ್ಟು ಹಣ್ಣು ಮಾಡುವುದು ಅವರ ಯೋಚನೆ. ಎಳೆಯದನ್ನು ಕುಯ್ದರೆ ಸಿಹಿಯಾಗುವುದಿಲ್ಲ, ಸಪ್ಪೆ ಹಣ್ಣು ಕೊಟ್ಟರೆ ಬಯಕೆ ತೀರಿದ ಹಾಗಲ್ಲ. ದಿನಾ ಹೋಗಿ ಬೆರಳಲ್ಲಿ ತಟ್ಟಿ ನೋಡುತ್ತಿದ್ದರಂತೆ. ಶುಕ್ರವಾರ ತಟ್ಟಿದಾಗ ಸದ್ದು ಸರಿಯಾಗಿ ಬಂತಂತೆ. ಹೇಗಿದ್ದರೂ ನಾಳೆ ಬುಟ್ಟಿಯ ದಿನ, ಬೆಳಿಗ್ಗೆ ಎಲ್ಲದರ ಜೊತೆಗೆ ಕುಯ್ದರಾಯಿತು ಅಂತ ಬಿಟ್ಟರು.

ಆ ಶನಿವಾರವೂ ಬೀದಿಯ ತುದಿಯಲ್ಲಿ ಒಂದು ಸೀಟಿ ಕೇಳಿಸಿತು, ಸ್ವಲ್ಪ ತಡವಾಗಿ. ಹೆಂಗಸರು ಮೊದಲು ಅನ್ನುವ ಕೂಗಿರಲಿಲ್ಲ. ಬುಟ್ಟಿಗಳು ತುಂಬಿದ್ದವು. ಅವುಗಳೊಳಗಿನ ಟೊಮೆಟೊ ಎಲ್ಲ ಒಂದೇ ಅಳತೆಯವು, ಒಂದೇ ಬಣ್ಣದವು, ಮುಖ ಸುಕ್ಕಾದವು. ಕೊತ್ತಂಬರಿ ಇರಲಿಲ್ಲ. ತಾಳವಾಡಿಯ ಅಂಗಡಿ ಬಾಗಿಲು ತೆಗೆಯುವವರೆಗೆ ಕಾದು ಕೊಂಡು ತುಂಬಿಸಿದ್ದು ಅಂತ ಬುಟ್ಟಿ ನೋಡಿದ ಯಾರಿಗಾದರೂ ಗೊತ್ತಾಗುತ್ತಿತ್ತು. ತಮಿಳು ಟೀಚರು ಒಬ್ಬಳೇ, ಬದನೆಕಾಯಿ ಈ ಸಲ ಬೇರೆ ಥರ ಇದೆಯಲ್ಲ ಅಣ್ಣಾ ಅಂದಳು. ಅವರು ತಲೆಯಾಡಿಸಿದರು.

ಎಲ್ಲರೂ ಹೋದ ಮೇಲೆ ನಮ್ಮ ಬಾಗಿಲಿಗೆ ಬಂದರು. ಚೌಕಟ್ಟು ಹಿಡಿಯಲಿಲ್ಲ. ಅಷ್ಟು ವರ್ಷಗಳಲ್ಲಿ ಮೊದಲ ಸಲ ನಮ್ಮ ಮೆಟ್ಟಿಲ ಮೇಲೆ ಕೂತರು.

"ದೊಡ್ಡೋರು ಬಂದಿದ್ರು ಮೇಷ್ಟ್ರವ್ವ. ಮಕ್ಳು ಮರಿ ಎಲ್ಲಾ ಕಟ್ಕಂಡು."

ಹಣ್ಣಿನ ವಿಷಯವನ್ನೂ ಆಗಲೇ ಹೇಳಿದ್ದು. ಗೋಣಿಯನ್ನು ಬಿಚ್ಚಿ ಬದಿಗೆ ಎಸೆದಿದ್ದವಂತೆ. ಆಮೇಲೆ ಬದನೆ, ಹುರುಳಿಕಾಯಿ, ಕುಂಬಳ, ಟೊಮೆಟೊ, ಬಾವಿಯ ಪೈಪು, ಎಲ್ಲ. ಕೊನೆಗೆ ಉಪ್ಪಿನ ವಾಸನೆಗೆ ಅಡುಗೆಮನೆಯ ಗೋಡೆ ಕೆಡವಿದವು.

"ಅಕ್ಕ ಎಲ್ಲಿದ್ರು?" ಅಂದೆ.

"ಒಳಗ. ರುಬ್ಬೋ ಕಲ್ಲಿನ ಇಂದ್ಗಡ ಅವಿತ್ಕಂಡಿದ್ಲು. ಏನೂ ಆಗಿಲ್ಲ." ಅವರು ಕೊರಳಿನ ಸೀಟಿಯನ್ನು ಬೆರಳಲ್ಲಿ ತಿರುಗಿಸುತ್ತಿದ್ದರು. "ನಾನು ಮರದ ಮ್ಯಾಲ ಕುಂತು ಡಬಲ್ ವಿಸಿಲ್ ಊದ್ದಿ, ಊದ್ದಿ, ಊದ್ದಿ. ಯಾರೂ ಒಂಡ್ನಿಲ್ಲ."

ಬುಟ್ಟಿ ಮಾತ್ರ ತಪ್ಪಿಸಲಿಲ್ಲ ಅವರು. ಕರಾರು ಕರಾರೇ ಅಲ್ಲವೆ.

ಅಂದೇ ಮಧ್ಯಾಹ್ನ ಬೀದಿಯವರೆಲ್ಲ ನಮ್ಮ ಹಜಾರದಲ್ಲಿ ಸೇರಿದೆವು, ತಮಿಳು ಟೀಚರನ್ನು ಬಿಟ್ಟು. ಅವಳಿಗೆ ಇದು ಯಾವುದೂ ತಿಳಿಯಬಾರದು ಅನ್ನುವುದರಲ್ಲಿ ಎಲ್ಲರದೂ ಒಂದೇ ಮಾತು. ಬಸುರಿ ಹೆಂಗಸು, ತನ್ನ ಬಾಯಿಮಾತಿನಿಂದ ಇಷ್ಟಾಯಿತು ಅಂತ ಕೊರಗುವುದು ಬೇಡ. ಆಮೇಲೆ ನನ್ನ ಗಂಡ, ಹುಬ್ಬು ಮೇಲೆ ಹೋಗುವ ನನ್ನ ಗಂಡ, "ಬಸ್ಸು ಕೆಟ್ಟು ನಿಂತಿದೆ. ಇಳಿದು ತಳ್ಳೋಣ" ಅಂದರು.

ಭಾನುವಾರ ಹೊರಟೆವು. ನಮ್ಮ ತಳ್ಳಾಟ ನೋಡಬೇಕಿತ್ತು. ಬ್ಯಾಂಕಿನವರು, ಮೇಷ್ಟ್ರುಗಳು, ಒಬ್ಬ ನರ್ಸಮ್ಮ, ಎಲ್ಲರೂ ಆನೆ ತುಳಿದ ಮಡಿಗಳಲ್ಲಿ ಬಗ್ಗಿ ಸಸಿ ನೆಟ್ಟೆವು. ನಾನು ನೆಟ್ಟ ಬದನೆ ಸಾಲು ಸಂಜೆಯೊಳಗೆ ಒರಗಿತು. ಗುದ್ದಲಿ ಹಿಡಿದ ನನ್ನ ಗಂಡನ ಅಂಗೈ ಬೊಬ್ಬೆ ಬಂತು. ಕಂಡಕ್ಟರಣ್ಣ ಒಂದು ಮಾತೂ ಆಡದೆ ನಮ್ಮ ಹಿಂದೆ ಹಿಂದೆ ಬಂದು ನಾವು ನೆಟ್ಟದ್ದನ್ನು ಕಿತ್ತು ಸರಿಯಾಗಿ ನೆಡುತ್ತಿದ್ದರು. ನಾವು ಹೋಗದಿದ್ದರೆ ಅವರ ಕೆಲಸ ಬೇಗ ಆಗುತ್ತಿತ್ತು. ಅವರ ಹೆಂಡತಿ ಬಿದ್ದ ಗೋಡೆಯ ಪಕ್ಕ ಕಲ್ಲು ಹೂಡಿದ ಒಲೆಯ ಮೇಲೆ ನಮಗೆ ಅನ್ನ ಬೇಯಿಸಿದರು. ನೆಟ್ಟ ಸಸಿ ಕಾಯಿ ಬಿಡಲು ಎಷ್ಟೋ ವಾರ ಬೇಕು. ಮುಂದಿನ ಶನಿವಾರ ಬುಟ್ಟಿಗೆ ಏನು ಹಾಕುವುದು?

ಅದಕ್ಕೆ ನಾವು ಕಂಡುಕೊಂಡ ಉಪಾಯವನ್ನು ಈಗ ಹೇಳಲು ನಾಚಿಕೆಯಾಗುತ್ತದೆ, ನಗುವೂ ಬರುತ್ತದೆ. ನಾವೇ ಸಂತೆಯಲ್ಲಿ ತರಕಾರಿ ಕೊಂಡು, ಶನಿವಾರ ನಸುಕಿನಲ್ಲಿ ಒಬ್ಬರು ತಿಗನಾರೆಗೆ ಹೋಗಿ, ಹಿತ್ತಲ ಕಡೆಯಿಂದ ಬುಟ್ಟಿಗಳಿಗೆ, ತುಳಿಯದೆ ಉಳಿದ ಮೂಲೆಯಲ್ಲಿ ಕುಯ್ದದ್ದು ಅನ್ನುವ ಹಾಗೆ, ಹಾಕಿ ಬರುವುದು. ಆ ಬುಟ್ಟಿ ಅವರ ಹೆಂಡತಿಯ ಕಣ್ಣೆದುರು ಆಟೋ ಹತ್ತಿ, ತಾಳವಾಡಿಗೆ ಬಂದು, ಒಂದು ಸೀಟಿ ಊದಿಸಿಕೊಂಡು ಮತ್ತೆ ನಮ್ಮ ಬಾಗಿಲಿಗೇ ಬರುವುದು. ಘಾಟಿ ಇಳಿದು ಹತ್ತಿ ಬರುತ್ತಿದ್ದ ಆ ಹಳೆಯ ಮೂಟೆಗಳ ಹಾಗೆ. ಕಂಡಕ್ಟರಣ್ಣ ಮೊದಲು ಒಪ್ಪಲಿಲ್ಲ. ಆಮೇಲೆ ಒಪ್ಪಿದರು. ಮುಳುಗುವವರಿಗೆ ಬೇರೆ ದಾರಿ ಏನಿರುತ್ತದೆ.

ನನ್ನ ಸರದಿ ಬಂದ ಶನಿವಾರ ನಾನು ಬುಟ್ಟಿಗೆ ಬದನೆಕಾಯಿ ಸುರಿಯುತ್ತಿದ್ದೆ. ಹಿಂದೆ ಯಾರೋ ನಿಂತ ಹಾಗಾಯಿತು. ಅವರ ಹೆಂಡತಿ. ಬಗ್ಗಿ ಒಂದು ಬದನೆಕಾಯಿ ಎತ್ತಿಕೊಂಡು ಬೆಳಕಿಗೆ ಹಿಡಿದರು.

"ನಮ್ಮ ಒಲದ್ದು ಅಸ್ರು ಬದನ, ಬಿಳಿ ಗೀರಿಂದು. ನನ್ನ ತವರುಮನ ಬಿತ್ತ" ಅಂದರು. "ಇದು ನೀಲಿ."

ನನಗೆ ನೆಲ ಬಾಯಿ ಬಿಟ್ಟರೆ ಸಾಕಿತ್ತು.

"ಮೊದ್ಲ ವಾರನೇ ಗೊತ್ತಾಯ್ತು ಮೇಷ್ಟ್ರವ್ವ. ನೀವೆಲ್ಲ ಇಷ್ಟು ಕಷ್ಟ ಪಡ್ತಿದ್ರಿ, ಎಂಗ ಯೋಳ್ಳಿ ಅಂತ ಸುಮ್ಕಿದ್ದಿ." ಬದನೆಕಾಯಿಯನ್ನು ಜೋಪಾನವಾಗಿ ಬುಟ್ಟಿಗೇ ಇಟ್ಟರು. "ಅಲಸಿನಣ್ಣಿನ ವಿಷ್ಯನೂ ಗೊತ್ತು. ಗೋಣಿ ನಾನೇ ಎತ್ತಿಟ್ಟಿ. ನನ್ನ ಬಯಕಗ ಒಂದು ನುಂಗು ತರ್ನಿಲ್ಲ ಇವ್ರು. ಈಗ ಯಾರ್ದೋ ಮನ ಎಣ್ಣುಮಗಳ ಬಯಕಗ ಒಲನೇ ಕೊಟ್ಬುಟ್ರು. ಕೊಡ್ಲಿ. ಒಳ್ಳೇದೇ ಮಾಡವ್ರ. ನಂಗ ಕ್ವಾಪ ಇಲ್ಲ."

ನಾನು ಏನೇನೋ ಹೇಳಿದೆ. ಗೋಡೆ ಕಟ್ಟಿಸೋಣ, ಜೊತೆಗೆ ಯಾರನ್ನಾದರೂ ಮಲಗಲು ಕರೆಯೋಣ, ಬೇಲಿಗೆ ಅರ್ಜಿ ಹಾಕೋಣ. ಆಕೆ ಎಲ್ಲ ಕೇಳಿಸಿಕೊಂಡರು. ಆಮೇಲೆ ಸೆರಗು ಸರಿಸಿ ನೆತ್ತಿಯ ಮೇಲೆ ಕೈ ಇಟ್ಟುಕೊಂಡರು.

"ಉಪ್ಪಿನ ಮಡಕ ಹುಡಿಕ್ಕಂಡು ಸೊಂಡ್ಲು ಒಳಕ್ಕ ಬಂತು. ಇಲ್ಲಿ, ಈ ಕೂದ್ಲ ಮ್ಯಾಲ ಸವರ್ಕಂಡು ಓಯ್ತು. ಉಸ್ರು ಬಿಸಿ ಇತ್ತು. ಇವ್ರು ಮರದ ಮ್ಯಾಲ ವಿಸಿಲ್ ಊದ್ತಾ ಅವ್ರ. ಪಾಪ, ಇನ್ನೇನು ಮಾಡಾರು. ಆದ್ರ ನಂಗ ಇನ್ನು ಆಗಲ್ಲ ಕಣಮ್ಮಣ್ಣಿ."

ಆಕೆಯ ಜಾಗದಲ್ಲಿದ್ದರೆ ನಾನು ಅಷ್ಟು ವಾರವೂ ಇರುತ್ತಿರಲಿಲ್ಲ. ಕಂಡಕ್ಟರಣ್ಣ ಸ್ವಲ್ಪ ದೂರದಲ್ಲಿ ಆಟೋದ ಹಗ್ಗ ಹಿಡಿದು ನಿಂತಿದ್ದರು. ಎಲ್ಲ ಕೇಳಿಸಿತ್ತು. ಒಬ್ಬರ ಮೇಲೂ ತಪ್ಪು ಹೊರಿಸಲು ಬರದ ಸಂಕಟ ಎಂಥದು ಅನ್ನುವುದು ನನಗೆ ಅಲ್ಲಿ ತಿಳಿಯಿತು. ಬೈಯಲು ಒಬ್ಬ ಕೆಟ್ಟವನಾದರೂ ಇದ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಹೊಲವನ್ನು ಗುತ್ತಿಗೆಗೆ ಕೊಟ್ಟರು. ತೆಗೆದುಕೊಂಡವರು ಮೊದಲು ಮಾಡಿದ ಕೆಲಸ ಹಲಸಿನ ಮರ ಕಡಿದದ್ದು. ಈಗ ಅಲ್ಲಿ ಎಲೆಕೋಸು ಬೆಳೆದು ಘಾಟಿ ಇಳಿಯುತ್ತದೆ ಅಂತ ಕೇಳಿದ್ದೇನೆ.

ತಮಿಳು ಟೀಚರಿಗೆ ಮುಂದೆ ಗಂಡುಮಗು ಆಯಿತು. ತವರಿನಿಂದ ಕರೆದುಕೊಂಡು ಬಂದ ದಿನ ಮಗುವನ್ನು ಎತ್ತಿಕೊಂಡ ಕೂಡಲೇ ನಾನು ನೋಡಿದ್ದು ಅದರ ಕಿವಿಗಳನ್ನು, ನಂಬುವವಳಲ್ಲದಿದ್ದರೂ. ಎರಡೂ ಚೊಕ್ಕಟವಾಗಿದ್ದವು. ಅವತ್ತೇ ಕೊಳ್ಳೇಗಾಲಕ್ಕೆ ಫೋನ್ ಮಾಡಿ ಹೇಳಿದೆ. "ಅವ್ಳ ಎಸ್ರಲ್ಲಿ ದೊಡ್ಡೋರು ತಿಂದ್ರಲ್ಲ" ಅಂದರು ಕಂಡಕ್ಟರಣ್ಣ. "ಲೆಕ್ಕಕ್ಕ ಬಂದಿರ್ಬೇಕು, ಅಲ್ವಾ?" ಬಂದಿದೆ ಕಂಡಕ್ಟರಣ್ಣ, ಖಂಡಿತ ಬಂದಿದೆ ಅಂದೆ.

ಆದರೆ ಅವರ ಸಾವಿನ ಸುದ್ದಿ ಬಂದಾಗ ನನ್ನ ಕಣ್ಣಿಗೆ ಕಟ್ಟಿದ್ದು ಅವರು ಊರು ಬಿಟ್ಟ ದಿನ.

ತಾಳವಾಡಿಯ ಬಸ್ ಸ್ಟ್ಯಾಂಡಿಗೆ ಬೀದಿಯವರೆಲ್ಲ ಹೋಗಿದ್ದೆವು. ಅದು ಶನಿವಾರವೇ ಆಗಿತ್ತು. ಎರಡು ಟ್ರಂಕು, ಒಂದು ರುಬ್ಬುವ ಕಲ್ಲು, ಒಂದರೊಳಗೊಂದು ಸೇರಿಸಿದ ಖಾಲಿ ಬುಟ್ಟಿಗಳು. ತಮಿಳು ಟೀಚರು ಏಳು ತಿಂಗಳ ಹೊಟ್ಟೆ ಹೊತ್ತು ಬಂದಿದ್ದಳು. ಅವಳಿಗೆ ಗೊತ್ತಿದ್ದದ್ದು ಇಷ್ಟೆ: ವಯಸ್ಸಾದವರು, ಮಗಳ ಮನೆಗೆ ಹೋಗುತ್ತಿದ್ದಾರೆ. "ಮುಂದಿನ ವರ್ಷ ಬಂದರೆ ಮೊದಲ ಪಾಸು ನನಗೇ ಅಣ್ಣಾ" ಅಂದಳು. ಕಂಡಕ್ಟರಣ್ಣ "ಕಂಡಿಪ್ಪಾ ಕಣ್ಣು" ಅಂದರು. ಖಂಡಿತ ಮಗಳೇ ಅಂತ. ಅವರ ಹೆಂಡತಿ ಅವಳ ಹತ್ತಿರ ಹೋಗಿ, ಎರಡೂ ಕೈಯಿಂದ ಅವಳ ಮುಖದ ದೃಷ್ಟಿ ತೆಗೆದು, ತಮ್ಮ ಹಣೆಯ ಪಕ್ಕದಲ್ಲಿ ನೆಟಿಗೆ ಮುರಿದರು.

ಆ ಬಸ್ಸಿನ ಕಂಡಕ್ಟರು ಇವರ ಜೊತೆ ಎಷ್ಟೋ ವರ್ಷ ಕೆಲಸ ಮಾಡಿದವರು. ಸಾಮಾನೆಲ್ಲ ಹತ್ತಿಸಿ, ಗಂಡ ಹೆಂಡತಿಗೆ ಮುಂದಿನ ಸೀಟು ಬಿಡಿಸಿಕೊಟ್ಟರು. ಹೆಂಡತಿ ಕಿಟಕಿಯ ಪಕ್ಕ ಕೂತರು. ಇವರು ಕೂರಲಿಲ್ಲ. ಕಂಬಿ ಹಿಡಿದು ನಿಂತರು. ಡ್ರೈವರು ಇಂಜಿನ್ ಶುರು ಮಾಡಿ ಕಾದ. ಆ ಕಂಡಕ್ಟರು ತಮ್ಮ ಸೀಟಿ ಬಾಯಿಗಿಟ್ಟವರು ತೆಗೆದು, "ಅಣ್ಣ, ಇವತ್ತು ನೀವೇ ಊದ್ಬುಡಿ" ಅಂದರು. ಪ್ರೀತಿಗೆ ಹೇಳಿದ್ದು, ಗೌರವಕ್ಕೆ ಹೇಳಿದ್ದು.

ಕಂಡಕ್ಟರಣ್ಣ ಕೊರಳಿನ ಸೀಟಿಯನ್ನು ಬಾಯಿಗಿಟ್ಟುಕೊಂಡರು. ಕೆನ್ನೆ ಉಬ್ಬಿತು. ಸದ್ದು ಬರಲಿಲ್ಲ. ಸೀಟಿ ತೆಗೆದು ಅಂಗಿಗೆ ಒರಸಿ ಮತ್ತೆ ಇಟ್ಟುಕೊಂಡರು. ಬಸ್ಸಿನ ತುಂಬ ಜನ ಅವರನ್ನೇ ನೋಡುತ್ತಿದ್ದರು. ಕೆಳಗೆ ನಾವು. ಇಂಜಿನ್ ಗುರುಗುಡುತ್ತಲೇ ಇತ್ತು. ಅವರ ಉಸಿರು ಮಾತ್ರ ಸೀಟಿಯವರೆಗೆ ಬರಲಿಲ್ಲ. ನನ್ನ ಗಂಡ ತಲೆ ತಗ್ಗಿಸಿದರು.

ಆಗ ಅವರ ಹೆಂಡತಿ ಎದ್ದು ನಿಂತರು. ಗಂಡನ ಬಾಯಿಂದ ಸೀಟಿಯನ್ನು ಮೆಲ್ಲಗೆ ಬಿಡಿಸಿಕೊಂಡರು. ದಾರ ಅವರ ಕೊರಳಲ್ಲೇ ಇದ್ದುದರಿಂದ ಆಕೆ ಗಂಡನ ಎದೆಗೆ ತೀರ ಹತ್ತಿರ ಬಗ್ಗಬೇಕಾಯಿತು. ಅಷ್ಟು ವರ್ಷಗಳಲ್ಲಿ ಆಕೆ ಅದನ್ನು ಮುಟ್ಟಿದ್ದನ್ನು ನಾನು ನೋಡಿರಲಿಲ್ಲ. ಬಾಯಿಗಿಟ್ಟುಕೊಂಡು, ಕಣ್ಣು ಮುಚ್ಚಿ, ಎರಡು ಸಲ ಊದಿದರು.

ಬಸ್ಸು ಹೊರಟಿತು.